ಹ್ಞೂಂಗುಟ್ಟುವ ಪೆಟ್ಟಿಗೆ

ಮಂಡ್ಯದ ನಮ್ಮ ಮನೆಗೆ ಹೊಸ ಸಬ್‌ವೂಫರ್ ಬಂದ ದಿನ ನಾನು ಅಡುಗೆಮನೆಯಲ್ಲಿ ಬಸ್ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಹಾಲಿನಲ್ಲಿ ಮಗ ವೈರುಗಳನ್ನೆಲ್ಲ ಸಿಕ್ಕಿಸಿ ಹಾಡು ಹಾಕಿದ. ಸೋಫಾದ ನಡುವೆ ಕೂತಿದ್ದ ಯಜಮಾನರು "ಆಹಾ" ಎಂದರು. ನನಗೆ ಕೇಳಿಸಿದ್ದು ಮಾತ್ರ ದುಂ, ದುಂ, ದುಂ. ಪಕ್ಕದ ಮನೆಯಲ್ಲಿ ಯಾರೋ ಒನಕೆ ಹಿಡಿದಿದ್ದಾರೆ ಅಂದುಕೊಂಡೆ. ಕೈ ಒರೆಸಿಕೊಂಡು ಹೊರಗೆ ಬಂದು ಕೇಳಿದರೆ 'ಮೈಸೂರು ಮಲ್ಲಿಗೆ'ಯ ಪದ್ಯ!

ನಗು ಬಂತು, ಜೊತೆಗೆ ಬೇಸರವೂ ಆಯಿತು. ನಮ್ಮ ಜಿಲ್ಲೆಯ ಕಿಕ್ಕೇರಿಯವರಾದ ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ಪ್ರಕಟಿಸಿದ ಆ ಸಂಕಲನದ ಜೀವಾಳವೇ ಗಂಡಹೆಂಡಿರ ಮಾತು. ಆ ಮಾತೆಲ್ಲ ಸೋಫಾದಲ್ಲಿ ಕೂತ ಗಂಡನಿಗೆ, ಒಲೆಯ ಮುಂದೆ ನಿಂತ ಹೆಂಡತಿಗೆ ಬರೀ ದುಂ ದುಂ!

ಸಬ್‌ವೂಫರ್ ಎಂದರೆ ತಗ್ಗು ದನಿಗೆಂದೇ ಮಾಡಿದ ಸ್ಪೀಕರು. 20 ಹರ್ಟ್ಸಿನಿಂದ 100-150 ಹರ್ಟ್ಸಿನವರೆಗಿನ ದನಿ ಅದರ ಪಾಲು. ಈ ದನಿಯ ಅಲೆಗಳು ಬಹಳ ಉದ್ದ. 40 ಹರ್ಟ್ಸಿನ ಒಂದು ಅಲೆಯ ಉದ್ದ ಸುಮಾರು ಎಂಟೂವರೆ ಮೀಟರ್. ನಮ್ಮ ಹಾಲೇ ಅಷ್ಟಿಲ್ಲ. ಇಂಥ ದನಿಗೆ ಗೋಡೆ ದೊಡ್ಡ ಅಡ್ಡಿಯಲ್ಲ. ಆದರೆ ಮಾತಿನ ಸ್ಪಷ್ಟತೆ ಇರುವುದು ಮೇಲಿನ ದನಿಯಲ್ಲಿ. ತ, ಕ, ಸ ಎಂಬ ವ್ಯಂಜನಗಳ ಅಂಚು ತಿಳಿಯುವುದು ಸಾವಿರಾರು ಹರ್ಟ್ಸಿನಲ್ಲಿ, ಅದನ್ನು ಗೋಡೆ ತಡೆಯುತ್ತದೆ. ಹೀಗಾಗಿ ಗೋಡೆ ದಾಟುವಾಗ ಕವಿತೆ ಅಲ್ಲೇ ಉಳಿದು ಗುದ್ದು ಮಾತ್ರ ಈಚೆ ಬರುತ್ತದೆ.

ಆ ರಾತ್ರಿ ಪೆಟ್ಟಿಗೆಯ ಜೊತೆ ಬಂದ ಪುಸ್ತಿಕೆಯನ್ನು ಓದಿದೆ. ಅದರಲ್ಲಿ ಒಂದು ಚಿತ್ರ: ಒಂದು ಕೋಣೆ, ಒಂದು ಕುರ್ಚಿ, ಕುರ್ಚಿಯಲ್ಲಿ ಒಬ್ಬ ಮನುಷ್ಯ. ಕೇಳುವವರು ಎಂದರೆ ಅಷ್ಟೆ. ಕೈಯಲ್ಲಿ ಸೌಟು ಹಿಡಿದು ಕೇಳುವವರು, ಬಟ್ಟೆ ಮಡಿಸುತ್ತ ಕೇಳುವವರು ಆ ಚಿತ್ರದಲ್ಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಬದುಕಿನಲ್ಲಿ ನಾನು ಕೇಳಿದ ಹಾಡುಗಳಲ್ಲಿ ಮುಕ್ಕಾಲುಪಾಲು ನಿಂತುಕೊಂಡೇ ಕೇಳಿದ್ದು.

ಸರಿ, ನಾನೇ ಕೂರಿಸುತ್ತೇನೆ ಎಂದು ಹೊರಟೆ. ಮಗ ಪೆಟ್ಟಿಗೆಯನ್ನು ಷೋಕೇಸಿನ ಮಗ್ಗುಲಿಗೆ, ಗೋಡೆಯ ಮೂಲೆಗೆ ಒತ್ತಿ ಇಟ್ಟಿದ್ದ. ಮೂಲೆಯಲ್ಲಿ ಎರಡು ಗೋಡೆ, ಒಂದು ನೆಲ ಸೇರಿ ತಗ್ಗು ದನಿಯನ್ನು ಹಿಂದಕ್ಕೆ ತಳ್ಳುವುದರಿಂದ ಅದು ಇನ್ನೂ ಉಬ್ಬುತ್ತದೆ. ಸರಿಯಾದ ಜಾಗ ಹುಡುಕಲು ಒಂದು ಉಪಾಯವುಂಟು: ಪೆಟ್ಟಿಗೆಯನ್ನು ನಾವು ಕೂರುವ ಕಡೆ ಇಟ್ಟು, ಹಾಡು ಹಾಕಿ, ನಾವು ನೆಲದ ಮೇಲೆ ಅಂಬೆಗಾಲಿಡುತ್ತ ಕಿವಿಗೊಡುವುದು. ದನಿ ಎಲ್ಲಿ ಹದವಾಗಿ ಕೇಳಿಸುತ್ತದೋ ಅಲ್ಲಿಗೆ ಪೆಟ್ಟಿಗೆಯನ್ನು ತಂದಿಡುವುದು. ನಾನು ಹಾಗೆ ತೆವಳುತ್ತಿದ್ದಾಗ ಸೊಪ್ಪು ಸೋಸುತ್ತಿದ್ದ ಅತ್ತೆ ಗಾಬರಿಯಾದರು. "ಯಾಕವ್ವಾ, ಮೂಗುತಿ ಏನಾರಾ ಬಿದ್ದೋಯ್ತಾ?"

ಮೂಲೆಯಿಂದ ಒಂದೂವರೆ ಮಾರು ಈಚೆಗೆ ಜಾಗ ಸಿಕ್ಕಿತು. ಆಮೇಲೆ ಹಿಂದಿನ ತಿರುಪು. ಯಾವ ದನಿಯಿಂದ ಕೆಳಗಿನದು ಈ ಪೆಟ್ಟಿಗೆಗೆ ಎಂದು ಗೆರೆ ಎಳೆಯುವ ತಿರುಪು ಅದು. ಮಗ 150ಕ್ಕೆ ಇಟ್ಟಿದ್ದ. ಗಂಡಸರ ದನಿ ಶುರುವಾಗುವುದೇ ಸುಮಾರು 85 ಹರ್ಟ್ಸಿನಿಂದ. ಅಂದರೆ ಗಾಯಕರ ಎದೆಯ ದನಿಯಲ್ಲಿ ಒಂದು ಪಾಲು ನೆಲದ ಮೇಲಿನ ಪೆಟ್ಟಿಗೆಯೊಳಗಿಂದ ಬರುತ್ತಿತ್ತು. 1992ರ 'ಮೈಸೂರ ಮಲ್ಲಿಗೆ' ಸಿನಿಮಾಕ್ಕೆ ಸಂಗೀತ ಕೊಟ್ಟ ಸಿ. ಅಶ್ವಥ್ ಅವರ ಆ ತುಂಬುಗಂಟಲು ಹಂಡೆಯೊಳಗಿಂದ ಕೂಗಿದಂತಾಗಿತ್ತು. 80ಕ್ಕೆ ಇಳಿಸಿದೆ. ದನಿ ಎದ್ದು ನಿಂತಿತು.

ಇನ್ನು 1978ರ 'ನಿತ್ಯೋತ್ಸವ'. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದ, ಭಾವಗೀತೆಯನ್ನು ಕ್ಯಾಸೆಟ್ಟಿನ ಮೂಲಕ ಮನೆಮನೆಗೆ ಮುಟ್ಟಿಸಿದ ಹಾಡುಗಳು. ಅನಂತಸ್ವಾಮಿಯವರು ಮಾತನ್ನು ಮುರಿಯುವುದಿಲ್ಲ. ಪದಕ್ಕೆ ತಕ್ಕಷ್ಟೇ ರಾಗ. ಇಂಥ ಹಾಡಿಗೆ ಗುದ್ದು ಸೇರಿಸಿದರೆ ಮೊಸರನ್ನಕ್ಕೆ ಮೆಣಸಿನಪುಡಿ ಸುರಿದ ಹಾಗೆ. ಪಿ. ಕಾಳಿಂಗರಾಯರ ಹಳೆಯ ಮುದ್ರಣಗಳಿಗಂತೂ ಈ ಪೆಟ್ಟಿಗೆ ಏನನ್ನೂ ಕೊಡಲಾರದು. ಅವುಗಳಲ್ಲಿ ಅಷ್ಟು ತಗ್ಗಿನ ದನಿ ಇಳಿದೇ ಇಲ್ಲ.

ಹಾಗಾದರೆ ಪೆಟ್ಟಿಗೆ ದಂಡವೇ? ಅಲ್ಲ. ಮಟ್ಟ ಇಳಿಸಿ ಕೇಳಿದಾಗ ಒಂದು ಸಂಗತಿ ಮೊದಲ ಸಲ ಗಮನಕ್ಕೆ ಬಂತು. ಸಾಲು ಮುಗಿದ ಕಡೆ ತಬಲಾದ ಎಡಭಾಗ, ಆ ಡಗ್ಗ, ಜಾರಿಕೊಂಡು 'ಗುಂ' ಎನ್ನುತ್ತದಲ್ಲ, ಅದು ತಾಳ ಮಾತ್ರವಲ್ಲ, ಉತ್ತರ ಕೂಡ. ನನ್ನ ತವರು ಮಳವಳ್ಳಿ. ಆ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆಯಿದೆ. ನೀಲಗಾರರು ತಂಬೂರಿ, ದಮ್ಮಡಿ, ತಾಳ ಹಿಡಿದು ರಾತ್ರಿಯೆಲ್ಲ ಆ ಕಥೆ ಹಾಡುವುದನ್ನು ಚಿಕ್ಕಂದಿನಲ್ಲಿ ಕೇಳಿದ್ದೇನೆ. ಮುಂದಾಳು ಹಾಡಿದಾಗ ಹಿಮ್ಮೇಳ ಓಗೊಡಬೇಕು. ಮನೆಯಲ್ಲಿ ಅಜ್ಜಿ ಕಥೆ ಹೇಳುವಾಗಲೂ ನಾವು ಹ್ಞೂಂಗುಟ್ಟದಿದ್ದರೆ ಕಥೆ ಮುಂದಕ್ಕೆ ಹೋಗುತ್ತಿರಲಿಲ್ಲ. ಡಗ್ಗದ್ದು ಅಂಥ ಹ್ಞೂಂಕಾರ. ಸಬ್‌ವೂಫರಿನ ಕೆಲಸವೂ ಅದೇ.

ಹ್ಞೂಂಗುಟ್ಟುವವನೇ ಅಬ್ಬರಿಸತೊಡಗಿದರೆ ಏನಾಗುತ್ತದೆಂದು ಮದ್ದೂರಿನ ತಂಗಿಯ ಮನೆಯಲ್ಲಿ ಕಂಡಿದ್ದೇನೆ. ಬೀದಿಯಲ್ಲಿ ಮೆರವಣಿಗೆ ಹೊರಟಿತ್ತು. ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಪೆಟ್ಟಿಗೆಗಳು. ಒಳಗೆ ಸ್ಟ್ಯಾಂಡಿನ ಲೋಟಗಳು ಗಲಗಲ ಅಂದವು, ತೊಟ್ಟಿಲ ಮಗು ಬೆಚ್ಚಿ ಅತ್ತಿತು. ಯಾವ ದೇವರ ಹಾಡೆಂದು ಮಾತ್ರ ನಮಗೆ ತಿಳಿಯಲಿಲ್ಲ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದಿದೆ. ಆದರೆ ಆ ಅಳತೆ ಮನುಷ್ಯರ ಕಿವಿಯ ಸೂಕ್ಷ್ಮತೆಗೆ ಹೊಂದಿಸಿದ್ದಾದ್ದರಿಂದ 50 ಹರ್ಟ್ಸಿನ ದನಿಯಲ್ಲಿ ಸುಮಾರು 30 ಡೆಸಿಬಲ್ ಕಳೆದೇ ಲೆಕ್ಕ. ಎದೆಗೆ ತಾಗುವ ಗುದ್ದು ಮಾಪಕದಲ್ಲಿ ಮೆತ್ತಗಾಗಿಬಿಡುತ್ತದೆ. ಗೋಡೆಯಾಚೆಗಿನವರ ಅನುಭವ ಅಲ್ಲಿಯೂ ಪೂರ್ತಿ ಲೆಕ್ಕಕ್ಕೆ ಬರುವುದಿಲ್ಲ.

ಅದಕ್ಕೇ ನಮ್ಮ ಮನೆಯ ಪೆಟ್ಟಿಗೆಯ ಮಟ್ಟವನ್ನು ನಾನು ಅಡುಗೆಮನೆಯಲ್ಲಿ ನಿಂತು ಗೊತ್ತುಮಾಡಿದೆ. ನಲ್ಲಿ ಬಿಟ್ಟುಕೊಂಡು, ಒಲೆ ಹಚ್ಚಿಕೊಂಡು, ಹಾಲಿಗೂ ಅಡುಗೆಮನೆಗೂ ಹತ್ತು ಸಲ ಓಡಾಡಿ. ಗುದ್ದು ಮಾತ್ರ ಬಂದರೆ ತಿರುಪು ಕೆಳಗೆ; ಮಾತೂ ಜೊತೆಗೆ ಬರತೊಡಗಿದರೆ ಅದೇ ಹದ. "ಈಗ ಪದ ತಿಳೀತದೆ ಕನವ್ವ" ಎಂದರು ಅತ್ತೆ.

ಮಗನಿಗೆ ಸಮಾಧಾನವಿಲ್ಲ. "ಅಷ್ಟು ದುಡ್ಡು ಕೊಟ್ಟು ತಂದಿದ್ದು ಕೇಳಿಸೋದೇ ಇಲ್ವಲ್ಲಮ್ಮ" ಎಂದ. ನಾನು ಉತ್ತರ ಕೊಡಲಿಲ್ಲ. ಹಾಡು ನಡೆಯುತ್ತಿರುವಾಗಲೇ ಪೆಟ್ಟಿಗೆಯ ಸ್ವಿಚ್ಚು ಆರಿಸಿದೆ. ಹಾಡು ತಗಡಿನ ಹಾಗೆ ತೆಳ್ಳಗಾಯಿತು. ಅವನೇ ಎದ್ದು ಹೋಗಿ ಮತ್ತೆ ಹಾಕಿದ. ತಿರುಪನ್ನು ಮಾತ್ರ ಮುಟ್ಟಲಿಲ್ಲ.