ಉಬ್ಬು ಹೋದರೆ ಬಿಪಿ ಇಳಿದೀತೇ?

ಹೊಟ್ಟೆನೋವೆಂದು ಸಿಟಿ ಸ್ಕ್ಯಾನ್ ಮಾಡಿಸಿದವರಿಗೆ ಕೆಲವೊಮ್ಮೆ ನಿರೀಕ್ಷಿಸದ ಸುದ್ದಿ ಸಿಗುತ್ತದೆ: ಕಿಡ್ನಿಗೆ ರಕ್ತ ಒಯ್ಯುವ ಅಪಧಮನಿಯ ಗೋಡೆ ಒಂದೆಡೆ ಉಬ್ಬಿದೆ. ಅನ್ಯೂರಿಸಂ ಎಂಬ ಈ ಉಬ್ಬು ಅಪರೂಪ. ಇದ್ದವರಲ್ಲಿ ಹಲವರಿಗೆ ಬಿಪಿಯೂ ಇರುತ್ತದೆ. ಉಬ್ಬನ್ನು ಸರಿಪಡಿಸಿದರೆ ಮಾತ್ರೆಯ ಕಾಟ ತಪ್ಪೀತೇ ಎಂಬ ಆಸೆ ಅಲ್ಲಿಂದ ಹುಟ್ಟುತ್ತದೆ.

ಆಸೆ ತೀರಾ ಬುಡವಿಲ್ಲದ್ದಲ್ಲ. 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಕಿಡ್ನಿಯ ಅಪಧಮನಿಯನ್ನು ಕ್ಲಾಂಪಿನಿಂದ ಬಿಗಿದು, ರಕ್ತದೊತ್ತಡ ಏರುವುದನ್ನು ತೋರಿಸಿದರು. ರಕ್ತ ಸಾಲದ ಕಿಡ್ನಿ ರೆನಿನ್ ಎಂಬ ಕಿಣ್ವವನ್ನು ಹೊರಬಿಡುತ್ತದೆ. ಅದರ ಪರಿಣಾಮವಾಗಿ ನಾಳಗಳು ಬಿಗಿದುಕೊಳ್ಳುತ್ತವೆ, ದೇಹ ಉಪ್ಪು-ನೀರನ್ನು ಹಿಡಿದಿಡುತ್ತದೆ. ಆದರೆ ಗೋಲ್ಡ್‌ಬ್ಲಾಟ್ ನಾಳವನ್ನು ಕಿರಿದು ಮಾಡಿದ್ದರೇ ಹೊರತು ಉಬ್ಬಿಸಿರಲಿಲ್ಲ. ಉಬ್ಬಿನ ಪಕ್ಕದಲ್ಲೇ ನಾಳ ಕಿರಿದಾಗಿದ್ದರೆ, ಇಲ್ಲವೇ ಉಬ್ಬಿನಿಂದ ಕಳಚಿದ ಹೆಪ್ಪು ಮುಂದಿನ ಕವಲನ್ನು ಮುಚ್ಚಿದ್ದರೆ ಬಿಪಿಯ ಹೊಣೆಯನ್ನು ಅದರ ಮೇಲೆ ಹೊರಿಸಬಹುದು. ಬರೀ ಉಬ್ಬಷ್ಟೇ ಇದ್ದರೆ ಆ ಆರೋಪ ದುರ್ಬಲ.

ಶಸ್ತ್ರಚಿಕಿತ್ಸೆಯ ಕೈಚಳಕಕ್ಕೆ ಮಾತ್ರ ತಲೆದೂಗಲೇಬೇಕು. ಉಬ್ಬನ್ನು ಕತ್ತರಿಸಿ ಹೊಲಿಯುತ್ತಾರೆ, ಕಾಲಿನ ಸಿರೆಯ ತುಂಡಿನಿಂದ ಬೈಪಾಸ್ ಮಾಡುತ್ತಾರೆ. ಉಬ್ಬು ಕವಲುಗಳ ಒಳಗಿದ್ದರೆ ಕಿಡ್ನಿಯನ್ನೇ ಹೊರತೆಗೆದು, ತಣ್ಣಗಿಟ್ಟು, ನಾಳ ರಿಪೇರಿ ಮಾಡಿ, ಕಿಬ್ಬೊಟ್ಟೆಯಲ್ಲಿ ಮತ್ತೆ ಜೋಡಿಸುವುದೂ ಉಂಟು.

ಫಲಿತಾಂಶ?

ಮಿಷಿಗನ್ ವಿಶ್ವವಿದ್ಯಾಲಯದ ತಂಡ 35 ವರ್ಷಗಳ ಅನುಭವವನ್ನು 2001ರಲ್ಲಿ ಪ್ರಕಟಿಸಿತು: 168 ರೋಗಿಗಳು, 252 ಉಬ್ಬುಗಳು. ಶಸ್ತ್ರಚಿಕಿತ್ಸೆಯ ಹಿಂದುಮುಂದಿನ ಬಿಪಿ ಸ್ಪಷ್ಟವಾಗಿ ದಾಖಲಾಗಿದ್ದ 40 ಮಂದಿಯಲ್ಲಿ ಶೇ 60ರಷ್ಟು ಜನರಿಗೆ ಒತ್ತಡ ಗಣನೀಯವಾಗಿ ಇಳಿದಿತ್ತು. ಚಪ್ಪಾಳೆ ತಟ್ಟುವ ಮುನ್ನ ಗಮನಿಸಬೇಕು: ಶಸ್ತ್ರಚಿಕಿತ್ಸೆಗೆ ಒಳಗಾದವರು 121 ಮಂದಿ. ಉಳಿದವರ ಬಿಪಿ ಈ ಲೆಕ್ಕದಲ್ಲೇ ಇಲ್ಲ.

2015ರಲ್ಲಿ 16 ಸಂಸ್ಥೆಗಳ 760 ರೋಗಿಗಳ ಅಧ್ಯಯನ ಚಿತ್ರವನ್ನು ಇನ್ನಷ್ಟು ತಿಳಿಯಾಗಿಸಿತು. ಹತೋಟಿಗೆ ಬಾರದ ಬಿಪಿಗಾಗಿ ಚಿಕಿತ್ಸೆ ಪಡೆದವರಲ್ಲಿ ಶೇ 32 ಮಂದಿಗೆ ಅದು ವಾಸಿಯಾಯಿತು, ಶೇ 26 ಮಂದಿಗೆ ಸುಧಾರಿಸಿತು. ಒಟ್ಟಾರೆ ಶಸ್ತ್ರಚಿಕಿತ್ಸೆಗಳಲ್ಲಿ ಶೇ 10ರಷ್ಟು ಕಡೆ ಗಂಭೀರ ತೊಡಕುಗಳೂ ಎದುರಾದವು. ಇತ್ತ ಸುಮ್ಮನೆ ಗಮನಿಸುತ್ತಾ ಬಂದ 547 ಮಂದಿಯಲ್ಲಿ ಸರಾಸರಿ 49 ತಿಂಗಳಲ್ಲಿ ಹಠಾತ್ ಅಪಾಯವೊಂದೂ ಘಟಿಸಲಿಲ್ಲ. ಉಬ್ಬು ಬೆಳೆದದ್ದು ವರ್ಷಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆ. ಎರಡು ಸೆಂಟಿಮೀಟರ್ ದಾಟಿದರೆ ಕತ್ತರಿ ಎಂಬ ಹಳೆಯ ಅವಸರ ಇದರ ಮುಂದೆ ನಿಲ್ಲುವುದಿಲ್ಲ. ಅಮೆರಿಕದ ನಾಳ ಶಸ್ತ್ರಚಿಕಿತ್ಸಕರ ಸಂಘದ 2020ರ ಮಾರ್ಗಸೂಚಿ, ಲಕ್ಷಣಗಳಿಲ್ಲದವರಿಗೆ ಈ ಮಿತಿಯನ್ನು ಮೂರು ಸೆಂಟಿಮೀಟರಿಗೆ ಏರಿಸಿತು.

ಹಾಗಾಗಿ ಒಂದೇ ಮಾತ್ರೆಗೆ ಬಿಪಿ ಬಗ್ಗಿರುವವರಿಗೆ, ಉಬ್ಬು ಚಿಕ್ಕದಾಗಿದ್ದರೆ, ಈ ಚಿಕಿತ್ಸೆ ದುಬಾರಿ ಜೂಜು. ಮೂರು ಔಷಧಿಗೂ ಜಗ್ಗದ ಬಿಪಿ, ಜೊತೆಗೆ ರಕ್ತಕ್ಕೆ ತಡೆಯೊಡ್ಡುವಷ್ಟು ಕಿರಿದಾದ ನಾಳ ಇದ್ದವರ ವಿಷಯ ಬೇರೆ. ಮುಂದೆ ಗರ್ಭ ಧರಿಸಬಹುದಾದ ಮಹಿಳೆಯರಿಗಂತೂ ಮಾರ್ಗಸೂಚಿ ಗಾತ್ರವನ್ನೇ ನೋಡದೆ ಚಿಕಿತ್ಸೆ ಸೂಚಿಸುತ್ತದೆ: ಬಸುರಿನಲ್ಲಿ ಉಬ್ಬು ಒಡೆದರೆ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು.