ಹನ್ನೆರಡರ ಆಚೆ ನಿಂತವರು

ಸತ್ತೇಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದ ಒಂದು ವಸ್ತು ಫೋಟೋಗ್ರಫಿಯ ಲೋಕದಲ್ಲಿ ಮತ್ತೆ ಉಸಿರಾಡುತ್ತಿದೆ. ಅದರ ಹೆಸರು 220. ಹೆಸರು ಕೇಳಿದರೆ ಮನೆಯ ಕರೆಂಟಿನ ವೋಲ್ಟೇಜು ನೆನಪಾಗಬಹುದು. ಆದರೆ ಇದು ಕ್ಯಾಮರಾದೊಳಗೆ ಹಾಕುವ ಫಿಲಂ ಸುರುಳಿ. ನಮ್ಮ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹಳೆಯ ಸ್ಟುಡಿಯೋದವರ ಬಾಯಲ್ಲಿ ಸದಾ ಇರುತ್ತಿದ್ದ ‘ವನ್‌ಟ್ವೆಂಟಿ ರೋಲಿ’ನ ಉದ್ದನೆಯ ತಮ್ಮ ಎಂದರೆ ಬೇಗ ಅರ್ಥವಾದೀತು.

120 ಎಂಬ ಸುರುಳಿಯನ್ನು ಅಮೆರಿಕದ ಕೊಡಕ್ ಕಂಪನಿ 1901ರಲ್ಲಿ ತಂದಿತು. ಚೌಕಾಕಾರದ ಚಿತ್ರ ತೆಗೆಯುವ ಕ್ಯಾಮರಾದಲ್ಲಿ ಅದಕ್ಕೆ ಹನ್ನೆರಡು ಫೋಟೋ. 1965ರಲ್ಲಿ ಬಂದ 220ಕ್ಕೆ ಇಪ್ಪತ್ತನಾಲ್ಕು. ಡಿಜಿಟಲ್ ಕ್ಯಾಮರಾ ಬಂದು ಫಿಲಂ ಮಾರುಕಟ್ಟೆ ಕುಸಿದಾಗ ಮೊದಲು ಬಲಿಯಾದವುಗಳಲ್ಲಿ ಈ ಉದ್ದನೆಯ ಸುರುಳಿಯೂ ಒಂದು. 2010ರ ದಶಕ ಮುಗಿಯುವುದರೊಳಗೆ ದೊಡ್ಡ ಕಂಪನಿಗಳೆಲ್ಲ ಅದನ್ನು ನಿಲ್ಲಿಸಿದವು. ಅದೇ ದಶಕದ ಕೊನೆಗೆ ಚೀನಾದ ಶಾಂಘೈ ಹೆಸರಿನ ಫಿಲಂ ಕಪ್ಪು-ಬಿಳುಪಿನ 220 ಸುರುಳಿಯನ್ನು ಮತ್ತೆ ಮಾರುಕಟ್ಟೆಗೆ ತಂದಿತು. ಹಳೆಯ ಕ್ಯಾಮರಾಗಳನ್ನು ಪ್ರೀತಿಸುವವರಿಗೆ ಅದೊಂದು ಹಬ್ಬವೇ ಆಯಿತು.

ಈ ಹಬ್ಬಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಹಬ್ಬದಲ್ಲಿ ಓದುವ ಮಂತ್ರದ ಬಗ್ಗೆ. ‘ಫಿಲಂ ಕಾಲದಲ್ಲಿ ಚಿತ್ರಗಳು ಎಣಿಕೆಗೆ ಸಿಗುವಷ್ಟಿದ್ದವು. ಆದ್ದರಿಂದ ಜನ ಯೋಚಿಸಿ ತೆಗೆಯುತ್ತಿದ್ದರು. ಈಗ ಮೊಬೈಲಿನಲ್ಲಿ ಸಾವಿರ ತೆಗೆದರೂ ಒಂದಕ್ಕೂ ಬೆಲೆಯಿಲ್ಲ.’ ಫಿಲಂ ಪುನರ್ಜನ್ಮದ ಬಗ್ಗೆ ಯಾರೇ ಮಾತಾಡಿದರೂ ಈ ಮಾತು ಬಂದೇ ಬರುತ್ತದೆ. ಕೇಳಲು ಚೆನ್ನಾಗಿದೆ, ಅರ್ಧ ನಿಜವೂ ಹೌದು. ಉಳಿದರ್ಧ ಹೇಳಲು ನಮ್ಮಂಥ ಊರುಗಳಿಗೆ ಬರಬೇಕು.

ಮೊದಲು ಸುರುಳಿಯ ರಚನೆ ನೋಡೋಣ. 120 ಫಿಲಮ್ಮಿನ ಬೆನ್ನಿಗೆ ಉದ್ದಕ್ಕೂ ಕಪ್ಪು ಕಾಗದ ಇರುತ್ತದೆ. ಕಾಗದದ ಮೇಲೆ ಅಂಕಿಗಳು. ಕ್ಯಾಮರಾದ ಹಿಂಬದಿಯ ಪುಟ್ಟ ಕೆಂಪು ಕಿಟಕಿಯಲ್ಲಿ ಆ ಅಂಕಿ ನೋಡಿಕೊಂಡು ಸುರುಳಿ ತಿರುಗಿಸಬೇಕು. 220ರಲ್ಲಿ ಈ ಕಾಗದವನ್ನು ತೆಗೆದುಹಾಕಿ ತಲೆಗೊಂದು ತುಂಡು, ಬಾಲಕ್ಕೊಂದು ತುಂಡು ಮಾತ್ರ ಉಳಿಸಿದರು. ಕಾಗದದ ಜಾಗ ಉಳಿಯಿತು, ಅದೇ ಅಳತೆಯ ಉರುಳೆಯ ಮೇಲೆ ಎರಡು ಪಟ್ಟು ಫಿಲಂ ಹಿಡಿಸಿತು. ಆದರೆ ಬೆನ್ನಿಗೆ ಕಾಗದವಿಲ್ಲದ ಈ ಫಿಲಮ್ಮನ್ನು ಕೆಂಪು ಕಿಟಕಿಯ ಕ್ಯಾಮರಾಕ್ಕೆ ಹಾಕಿದರೆ ಬೆಳಕು ನುಗ್ಗಿ ಎಲ್ಲ ಹಾಳು.

ಕೆಂಪು ಕಿಟಕಿಯ ಕ್ಯಾಮರಾ ಯಾರ ಕೈಯಲ್ಲಿತ್ತು? ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ನೆನಪಿರುವವರಿಗೆ ಉತ್ತರ ಗೊತ್ತು. ಮೇಷ್ಟರುಗಳು, ಗುಮಾಸ್ತರು ಸಂಬಳ ಉಳಿಸಿ ಕೊಂಡ ಕ್ಯಾಮರಾ ಅದು. ಉದ್ದನೆಯ ಸುರುಳಿ ಅವರಿಗಾಗಿ ಹುಟ್ಟಿದ್ದಲ್ಲ. ಅದು ಹುಟ್ಟಿದ್ದು ಮದುವೆ, ಸಭೆ, ಫ್ಯಾಷನ್ ಚಿತ್ರ ತೆಗೆಯುವ ವೃತ್ತಿಯವರಿಗಾಗಿ. ಸುರುಳಿ ಬದಲಿಸುವ ಎರಡು ನಿಮಿಷದಲ್ಲಿ ಮುಖ್ಯವಾದದ್ದು ತಪ್ಪಿಹೋಗದಿರಲಿ ಎಂದು. ಅಂದರೆ 220ರ ಮೂಲ ಉದ್ದೇಶ ನಿಧಾನವಲ್ಲ, ವೇಗ. ಇಂದು ಅದನ್ನು ನಿಧಾನದ ಸಂಕೇತವಾಗಿ ಹೊತ್ತು ಮೆರೆಸುವವರು ಈ ಸಣ್ಣ ಸಂಗತಿಯನ್ನು ಮರೆತಿದ್ದಾರೆ.

ನಮ್ಮ ಕಡೆ ಮದುವೆ ಫೋಟೋ ತೆಗೆಯುವವರ ಕೊರಳಲ್ಲಿ ಯಾಶಿಕಾ ಮ್ಯಾಟ್ 124ಜಿ ಎಂಬ ಜಪಾನಿ ಕ್ಯಾಮರಾ ತೂಗಾಡುತ್ತಿತ್ತು. ಆ 124 ಎಂಬ ಅಂಕಿಯ ಗುಟ್ಟೇ ಹನ್ನೆರಡು ಮತ್ತು ಇಪ್ಪತ್ತನಾಲ್ಕು. ಎರಡೂ ಬಗೆಯ ಸುರುಳಿ ಅದಕ್ಕೆ ನಡೆಯುತ್ತಿತ್ತು. ಆದರೆ ನಾನು ಕಂಡ ಯಾವ ಸ್ಟುಡಿಯೋದಲ್ಲೂ ಇಪ್ಪತ್ತನಾಲ್ಕರ ಸುರುಳಿ ಇರಲಿಲ್ಲ. ಇದ್ದದ್ದು ಹನ್ನೆರಡರದ್ದೇ, ಅದರಲ್ಲೂ ಹೆಚ್ಚಾಗಿ ಊಟಿಯ ಸರ್ಕಾರಿ ಕಾರ್ಖಾನೆ ಹಿಂದೂಸ್ತಾನ್ ಫೋಟೋ ಫಿಲಮ್ಸ್‌ನದ್ದು. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಶುರು ಮಾಡಿದ ಆ ಕಾರ್ಖಾನೆಯ ಫಿಲಮ್ಮಿನ ಹೆಸರು ‘ಇಂದು’. ಚಂದ್ರ ಎಂಬ ಅರ್ಥದಲ್ಲಿ ಇಟ್ಟ ಹೆಸರಿರಬೇಕು. ಕನ್ನಡದ ಕಿವಿಗೆ ಅದು ‘ಈ ದಿನ’ ಎಂದೂ ಕೇಳುತ್ತದೆ. ಆ ‘ಇಂದು’ ಇಂದು ಇಲ್ಲ. ಕಾರ್ಖಾನೆ ಮುಚ್ಚಿದೆ.

ಈಗ ನಮ್ಮ ಮನೆಯ ಮಾತು. 1988ರಲ್ಲಿ ಗುಬ್ಬಿಯಲ್ಲಿ ನಮ್ಮ ಆಪಾಳ ಶಾದಿ. ನಾನು ಉರ್ದು ಶಾಲೆಯ ಮೂರನೇ ಕ್ಲಾಸು. ಅಷ್ಟರಲ್ಲಾಗಲೇ ಕಲರ್ ಫೋಟೋ ಬಂದಿತ್ತು, ಅಬ್ಬಾನ ಜೇಬಿಗೆ ಎಟುಕಿದ್ದು ಕಪ್ಪು-ಬಿಳುಪು. ಫೋಟೋದವರ ಜೊತೆ ಎರಡು ರೋಲಿಗೆ ಮಾತಾಗಿತ್ತು. ನಿಕಾಹ್‌ಗೆ ಒಂದು, ಮಾರನೇ ದಿನದ ವಲೀಮಾಕ್ಕೆ ಒಂದು. ಅವರು ಕ್ಯಾಮರಾವನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ ಮೇಲಿನ ಗಾಜಿನೊಳಗೆ ನೋಡುತ್ತಿದ್ದರು. ಎದುರಿಗೆ ನಿಂತವರಿಗೆಲ್ಲ ಬಗ್ಗಿ ಸಲಾಂ ಮಾಡಿದ ಹಾಗೆ ಕಾಣುತ್ತಿತ್ತು.

ದುಲ್ಹಾ ಹೂವಿನ ಕಾರು ಹತ್ತುವಾಗ ಹನ್ನೆರಡನೆಯ ಫೋಟೋ ಮುಗಿಯಿತು. ಅವರು ಗೋಡೆಯ ಕಡೆ ತಿರುಗಿ, ನೆರಳು ಮಾಡಿಕೊಂಡು, ಮುಗಿದ ಸುರುಳಿಯ ಅಂಟುಕಾಗದವನ್ನು ನಾಲಿಗೆಗೆ ತಾಗಿಸಿ ಮೆತ್ತಿ, ಹೊಸದು ಹಾಕತೊಡಗಿದರು. ಅದೇ ಹೊತ್ತಿಗೆ ಹೊಸ್ತಿಲಲ್ಲಿ ಅಮ್ಮೀ ಕುರ್‌ಆನನ್ನು ಎತ್ತಿ ಹಿಡಿದು ಅದರ ಕೆಳಗಿನಿಂದ ಆಪಾಳನ್ನು ದಾಟಿಸುತ್ತಿದ್ದಳು. ಅವಳ ಎರಡೂ ಕೈ ನಡುಗುತ್ತಿದ್ದವು. ಫೋಟೋದವರು ತಿರುಗುವಷ್ಟರಲ್ಲಿ ಕಾರು ಹೊರಟಿತ್ತು.

ಉದ್ದನೆಯ ಸುರುಳಿ ಮರಳಿದ ಸುದ್ದಿ ಓದಿದಾಗ ನನಗೆ ಮೊದಲು ಹೊಳೆದದ್ದು ಇದೇ: ಅಂದು ಆ ಕ್ಯಾಮರಾದಲ್ಲಿ 220 ಇದ್ದಿದ್ದರೆ! ಹದಿಮೂರನೆಯ ಫೋಟೋ ನನ್ನ ಅಮ್ಮೀಯದಾಗಿರುತ್ತಿತ್ತು.

ಕಥೆಗಾರನಿಗೆ ಇಂಥ ಮುಕ್ತಾಯ ಇಷ್ಟವಾಗುತ್ತದೆ. ಆದರೆ ಆಲ್ಬಂ ತೆಗೆದು ಕೂತರೆ ಕಥೆ ನಿಲ್ಲುವುದಿಲ್ಲ. ಮಾರನೇ ದಿನ ವಲೀಮಾದಲ್ಲಿ ಹೊಸ ರೋಲು, ಪೂರ್ತಿ ಹನ್ನೆರಡು ಫೋಟೋ ಇತ್ತು. ಅದರಲ್ಲೂ ಅಮ್ಮೀ ಇಲ್ಲ. ಗಂಡಿನ ಕಡೆಯ ಹಿರಿಯರು ಮತ್ತೆ ಮತ್ತೆ ಇದ್ದಾರೆ. ಅಡಿಕೆ ಮಂಡಿಯ ಸಾಹುಕಾರರು ಇದ್ದಾರೆ. ಊಟದ ಸಾಲಿನ ಫೋಟೋ ಎರಡಿವೆ, ದೇಗಿನ ಮುಂದೆ ರಾತ್ರಿಯೆಲ್ಲ ನಿಂತ ಬಾವರ್ಚಿ ಎಲ್ಲೂ ಇಲ್ಲ. ಇಪ್ಪತ್ತನಾಲ್ಕು ಫೋಟೋಗಳಲ್ಲಿ ಹೆಂಗಸರಿರುವುದು ಎರಡರಲ್ಲಿ. ಸುರುಳಿ ಉದ್ದವಿದ್ದಿದ್ದರೆ ಸಾಹುಕಾರರ ಫೋಟೋ ಇನ್ನೆರಡು ಹೆಚ್ಚುತ್ತಿತ್ತು, ಅಷ್ಟೆ.

ಇದಕ್ಕೆ ಪರದೆಯೂ ಕಾರಣ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಪರಪುರುಷನೊಬ್ಬ ಕ್ಯಾಮರಾ ಎತ್ತಿದರೆ ಅಮ್ಮೀ ತಾನಾಗಿ ಮುಖ ತಿರುಗಿಸುತ್ತಿದ್ದಳೋ ಏನೋ. ಫೋಟೋ ಜಾಯಿಜೋ ನಾಜಾಯಿಜೋ ಎಂಬ ಚರ್ಚೆ ಆ ದಿನವೂ ಶಾಮಿಯಾನದ ಕೆಳಗೆ ನಡೆದಿತ್ತು. ನಾಜಾಯಿಜ್ ಎಂದು ಗಟ್ಟಿಯಾಗಿ ವಾದಿಸಿದ ಹಿರಿಯರಿಬ್ಬರು ಆಲ್ಬಮ್ಮಿನ ಮೊದಲ ಸಾಲಿನಲ್ಲೇ ಕೂತಿದ್ದಾರೆ. ಅಮ್ಮೀಯನ್ನು ಮಾತ್ರ ಯಾರೂ ಕೇಳಲಿಲ್ಲ, ‘ಒಂದು ತೆಗೆಯಲಾ?’ ಎಂದು. ಅವಳ ಮೊದಲ ಫೋಟೋ ಬಂದದ್ದು ಮತದಾರರ ಗುರುತಿನ ಚೀಟಿ ಮಾಡಿಸುವಾಗ. ಕೊನೆಯದೂ ಅದೇ. ಸರ್ಕಾರಕ್ಕೆ ಅವಳ ಮುಖ ಬೇಕಾಯಿತು, ಮನೆಗೆ ಬೇಕಾಗಿರಲಿಲ್ಲ.

‘ಯೋಚಿಸಿ ತೆಗೆಯುತ್ತಿದ್ದರು’ ಎಂಬ ಹೊಗಳಿಕೆಯ ಉಳಿದರ್ಧ ಇದು. ಯೋಚಿಸುವುದೆಂದರೆ ಆರಿಸುವುದು, ಆರಿಸುವುದೆಂದರೆ ಬಿಡುವುದು. ಹನ್ನೆರಡರ ಲೆಕ್ಕದಲ್ಲಿ ಯಾರು ಒಳಗೆ, ಯಾರು ಹೊರಗೆ ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು. ಇದು ಮುಸಲ್ಮಾನರ ಮನೆಯ ಕಥೆ ಮಾತ್ರವೂ ಅಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಹಳೆಯ ಫೋಟೋಗಳು ಅಲ್ಲಲ್ಲಿ ಅಚ್ಚಾಗಿವೆ. ನಾನು ನೋಡಿದವುಗಳಲ್ಲಿ ಕಿರೀಟ ತೊಟ್ಟ ರಾಜರಿದ್ದಾರೆ, ಗದೆ ಹಿಡಿದ ಭೀಮರಿದ್ದಾರೆ. ಪರದೆ ಎಳೆದವರು, ಗೂಟ ಹೊಡೆದವರು ಕಾಣಲಿಲ್ಲ.

ಕೊರತೆ ತಾನಾಗಿ ಕಣ್ಣು ತೆರೆಸುವುದಿಲ್ಲ, ಸಮೃದ್ಧಿಯೂ ತೆರೆಸುವುದಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಇದೇ ಎಣಿಕೆಯ ಫಿಲಂ ಕಾಲದಲ್ಲಿ ದುಡಿದವರು. ಸಾಮಾನ್ಯರು, ಮಕ್ಕಳು, ಬೀದಿಯ ಬದುಕು ಅವರ ಚಿತ್ರಗಳಲ್ಲಿ ತುಂಬಿದೆ. ಕ್ಯಾಮರಾಕ್ಕೆ ಅದನ್ನು ಯಾವ ಕಂಪನಿಯೂ ಹಾಕಿಕೊಟ್ಟಿರಲಿಲ್ಲ, ಅದು ಅವರ ಕಣ್ಣಿನಲ್ಲಿತ್ತು. ಇತ್ತ ನನ್ನ ತಂಗಿಯ ಮಗಳ ಮದುವೆಯಲ್ಲಿ ಡ್ರೋನ್ ಸಮೇತ ಸಾವಿರಾರು ಚಿತ್ರ ತೆಗೆದರು. ಅದರಲ್ಲೂ ಬಾವರ್ಚಿಯನ್ನು ಹುಡುಕಿದೆ. ಇರಲಿಲ್ಲ.

ಹಾಗಾದರೆ ಈ ಪುನರ್ಜನ್ಮದಿಂದ ನಮಗೇನು? ತುಮಕೂರಿನವರಿಗೆ ಒಂದು ಹೋಲಿಕೆ ತಟ್ಟನೆ ಹೊಳೆಯುತ್ತದೆ. ನಮ್ಮೂರಿನಲ್ಲಿ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಇತ್ತು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು, ಇಲ್ಲಿನ ಜಾಗ ಇಸ್ರೋಗೆ ಹೋಯಿತು. ಕೀಲಿ ಕೊಡುವ ಆ ಕೈಗಡಿಯಾರಗಳನ್ನು ಈಗ ಸಂಗ್ರಹಕಾರರು ಹುಡುಕಿಕೊಂಡು ಬರುತ್ತಾರೆ. ವಸ್ತುವಿಗೆ ಮರುಜೀವ ಬಂತು. ಅದನ್ನು ಜೋಡಿಸುತ್ತಿದ್ದ ಕೈಗಳನ್ನು ಯಾರೂ ಹುಡುಕಿಕೊಂಡು ಬರಲಿಲ್ಲ. ಫಿಲಮ್ಮಿನಲ್ಲೂ ಅದೇ ಆಗುತ್ತಿದೆ. ಖಾಲಿ ಸುರುಳಿಯ ಮೇಲೆ ಅಷ್ಟೊಂದು ಪ್ರೀತಿ. ಮುಖಗಳು ಮೂಡಿದ ಸುರುಳಿಗಳ ಗತಿ?

ಕಳೆದ ವರ್ಷ ಕುಣಿಗಲ್ಲಿನ ಹಳೆಯ ಸ್ಟುಡಿಯೋ ಒಂದಕ್ಕೆ ಹೋಗಿದ್ದೆ. ಕೂತಿದ್ದ ಹಿರಿಯರನ್ನು ಕೇಳಿದೆ: “ಅಣ್ಣಾ, ಹಳೇ ನೆಗೆಟಿವ್ ಏನಾದ್ರೂ ಇದಾವಾ?”

“ಯಾರ್ದು ಬೇಕಿತ್ತು ಸಾಬ್ರೇ?”

“ಯಾರದಾದ್ರೂ ಸರಿ.”

ಅವರು ನಕ್ಕರು. “ಎರಡು ಮೂಟೆ ಇತ್ತು. ಎಕ್ಸ್‌ರೇ ಹಾಳೆ ತಗೊಳ್ಳೋರು ಬಂದಿದ್ರು, ಬೆಳ್ಳಿ ತೆಗೀತಾರಂತೆ, ತೂಕಕ್ಕೆ ಕೊಟ್ಬಿಟ್ಟೆ. ಮಗ ಮೊಬೈಲ್ ಅಂಗಡಿ ಇಡ್ತೀನಿ ಅಂದ, ಜಾಗ ಬೇಕಿತ್ತು.”

ಅವರನ್ನು ದೂರಲಾರೆ. ಕಪ್ಪು-ಬಿಳುಪು ಫಿಲಮ್ಮಿನಲ್ಲಿ ಚಿತ್ರವಾಗಿ ಉಳಿಯುವುದೇ ಬೆಳ್ಳಿಯ ಕಣ. ಬೆಳ್ಳಿಗೆ ಬೆಲೆಯಿದೆ, ಮುಖಕ್ಕಿಲ್ಲ. ಉಳಿದಿದ್ದ ಒಂದು ತಗಡಿನ ಡಬ್ಬಿ ತೆರೆದು ತೋರಿಸಿದರು. ಗಪ್ಪನೆ ಸಿರ್ಕಾದ ವಾಸನೆ ಹೊಡೆಯಿತು. ಫಿಲಮ್ಮಿನ ಅಸಿಟೇಟ್ ಹಾಳೆ ಕೊಳೆಯಲು ತೊಡಗಿದಾಗ ಹೊರಡುವ ವಾಸನೆ ಅದು. ಒಮ್ಮೆ ಶುರುವಾದರೆ ಪಕ್ಕದ ಹಾಳೆಗಳಿಗೂ ಹಬ್ಬುತ್ತದೆ, ಹಾಳೆ ಮುದುರಿ ಸುರುಟಿಕೊಳ್ಳುತ್ತದೆ. ತಂಪಾದ, ತೇವವಿಲ್ಲದ, ಗಾಳಿಯಾಡುವ ಜಾಗದಲ್ಲಿಟ್ಟರೆ ಕೊಳೆಯುವುದನ್ನು ನಿಧಾನಗೊಳಿಸಬಹುದು, ಪೂರ್ತಿ ನಿಲ್ಲಿಸಲು ಆಗದು. ಅಂದರೆ ನಮಗಿರುವ ಸಮಯ ಕಡಿಮೆ.

ತಮಿಳುನಾಡಿನ ಹಳೆಯ ಸ್ಟುಡಿಯೋಗಳ ಚಿತ್ರಗಳನ್ನು ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಸ್ಕ್ಯಾನ್ ಮಾಡಿಸಿ ಉಳಿಸಿದೆ. ನಮ್ಮ ಜಿಲ್ಲೆಗೆ ಅಂಥ ದೊಡ್ಡ ನೆರವು ಬರುವವರೆಗೆ ಕಾಯಬೇಕಿಲ್ಲ. ತುಮಕೂರಿನಲ್ಲಿ ವಿಶ್ವವಿದ್ಯಾನಿಲಯವಿದೆ, ಕಾಲೇಜುಗಳಿವೆ. ಇತಿಹಾಸ ಓದುವ ಹುಡುಗ ಹುಡುಗಿಯರು ತಮ್ಮ ತಾಲ್ಲೂಕಿನ ಒಂದೊಂದು ಸ್ಟುಡಿಯೋದ ಬಾಗಿಲು ತಟ್ಟಬಹುದು. ಸ್ಕ್ಯಾನರ್ ಇಲ್ಲದಿದ್ದರೆ ಬೆಳಕಿನ ಹಲಗೆಯ ಮೇಲಿಟ್ಟು ಕೈಯಲ್ಲಿರುವ ಕ್ಯಾಮರಾದಿಂದಲೇ ನಕಲು ತೆಗೆಯಬಹುದು. ಹಿರಿಯರು ಬದುಕಿರುವಾಗಲೇ ಫೋಟೋದಲ್ಲಿ ಯಾರಿದ್ದಾರೆ, ಯಾವ ವರ್ಷ, ಯಾವ ಬೀದಿ ಎಂದು ಕೇಳಿ ಬರೆದುಕೊಳ್ಳಬೇಕು. ಹೆಸರಿಲ್ಲದ ಮುಖವನ್ನು ಉಳಿಸಿದರೂ ಅರ್ಧ ಕಳೆದುಕೊಂಡಂತೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಉಳಿಸುವುದೆಂದರೆ ಊರಿಗೆಲ್ಲ ಹಂಚುವುದಲ್ಲ. ನಮ್ಮ ಅಜ್ಜಿಯರು, ತಾಯಂದಿರು ಮನೆಯವರಿಗೆಂದು ನಂಬಿ ಮುಖ ತೋರಿದ ಫೋಟೋಗಳು ಅವು. ಆ ಮನೆಯವರನ್ನು ಕೇಳದೆ ಬೀದಿಗೆ ತರುವ ಹಕ್ಕು ಯಾರಿಗೂ ಇಲ್ಲ. ಅಂದು ಕೇಳದೆ ಬಿಟ್ಟರು, ಇಂದು ಕೇಳದೆ ತೋರಿಸಿದರೆ ಎರಡೂ ಒಂದೇ ಅವಮರ್ಯಾದೆ.

ಉದ್ದನೆಯ ಸುರುಳಿ ಬರಲಿ, ಸಂತೋಷ. ಕೊಳ್ಳುವ ಶಕ್ತಿ ಇರುವವರು ಕೊಂಡು ತೆಗೆಯಲಿ. ತೆಗೆಯುವಾಗ ಹದಿಮೂರನೆಯದನ್ನು ಹೊಸ್ತಿಲಲ್ಲಿ ನಿಂತವರಿಗೆ, ಒಲೆಯ ಮುಂದೆ ನಿಂತವರಿಗೆ, ಅವರ ಒಪ್ಪಿಗೆ ಕೇಳಿ, ಮೀಸಲಿಡಲಿ. ನನ್ನ ಕೆಲಸ ಬೇರೆ ಇದೆ. ಗುಬ್ಬಿಯಲ್ಲಿ ನಮ್ಮ ಆಪಾಳ ಶಾದಿಯ ಫೋಟೋ ತೆಗೆದವರು ಈಗಿಲ್ಲ, ಅವರ ಮನೆಯ ಅಟ್ಟ ಇದೆ. ಮಗ ಫೋನಿನಲ್ಲಿ, “ಬನ್ನಿ ಭಾಯ್, ಡಬ್ಬಿಗಳಿವೆ, ನೋಡಿ” ಅಂದಿದ್ದಾರೆ. ಬಿಟ್ಟುಹೋದ ಫೋಟೋ ಅಲ್ಲಿ ಸಿಗುವುದಿಲ್ಲವೆಂದು ಗೊತ್ತು. ಆದರೂ ಗುಂಪು ಚಿತ್ರದ ಯಾವುದಾದರೊಂದು ಮೂಲೆಯಲ್ಲಿ, ಬಾಗಿಲ ಸಂದಿಯಲ್ಲಿ, ಅರ್ಧ ಮುಖವಾದರೂ ಇದ್ದೀತು. ಮುಂದಿನ ಭಾನುವಾರ ಹೋಗುತ್ತಿದ್ದೇನೆ.