ತಟ್ಟೆಯಾಚೆಗಿನ ಭಟ್ಕಳ

ಊರೂರು ಸುತ್ತಿ ಸ್ಥಳೀಯ ರುಚಿಯನ್ನು ಪರಿಚಯಿಸುವ ಬರಹಗಳಿಗೂ ಕಾರ್ಯಕ್ರಮಗಳಿಗೂ ಇಂದು ಕೊರತೆಯಿಲ್ಲ. ಭಟ್ಕಳಕ್ಕೆ ಬಂದವರು ಸಾಮಾನ್ಯವಾಗಿ ಹೋಟೆಲಿನಲ್ಲಿ ಬಿರಿಯಾನಿ ಉಂಡು, ಹೊಗಳಿ, ಎದ್ದು ಹೋಗುತ್ತಾರೆ. ಈರುಳ್ಳಿ, ಹಸಿಮೆಣಸು ಧಾರಾಳವಾಗಿ ಬೀಳುವ ಆ ಬಿರಿಯಾನಿ ಹೊಗಳಿಕೆಗೆ ಅರ್ಹವೇ. ನಮ್ಮ ತಕರಾರು ಬೇರೆ.

1993ರ ಕೋಮುಗಲಭೆಯ ನಂತರ ಈ ಊರಿನ ಹೆಸರು ಕೇಳಿದೊಡನೆ ಹುಬ್ಬೇರಿಸುವವರು ಅನೇಕರು. ಅಂಥ ಊರಿಗೆ ರುಚಿಯ ಕುತೂಹಲದಿಂದ ಯಾರಾದರೂ ಬಂದರೆ ಅದು ಸಣ್ಣ ಸಂಗತಿಯಲ್ಲ. ಆದರೆ ಹೋಟೆಲಿನಿಂದಲೇ ಮರಳಿದವರು ಕಂಡದ್ದೇನು? ಅಕ್ಕಿಯ ಬದಲು ಶ್ಯಾವಿಗೆ ಹಾಕಿ ಮಾಡುವ ಶಯ್ಯೊ ಬಿರಿಯಾನಿ ನವಾಯತರ ಮನೆಯಡುಗೆ. ಅದನ್ನು ಉಳಿಸಿಕೊಂಡು ಬಂದ ಹೆಂಗಸರ ಮಾತು ಈ ಬರಹಗಳಲ್ಲಿ ವಿರಳ. ಕೊಂಕಣಿಯ ಒಡಲಿಗೆ ಅರಬಿ, ಪಾರ್ಸಿ ಪದಗಳು ಸೇರಿದ ಅವರ ನವಾಯತಿ ಭಾಷೆಯ ಪ್ರಸ್ತಾಪವೂ ಅಪರೂಪ. ಆ ಅಡುಗೆಮನೆಗೆ ಮೀನು ತಲುಪಿಸುವ ಬೆಸ್ತರಂತೂ ಕಾಣುವುದೇ ಇಲ್ಲ. ಒಂದೂರಿನ ಅಡುಗೆ ಒಂದೇ ಸಮುದಾಯದ ಕೈಯಿಂದ ಆದದ್ದಲ್ಲ ಎಂಬ ಸತ್ಯ ಹೀಗೆ ಮರೆಯಾಗುತ್ತದೆ.

ಬರುವವರು ತಟ್ಟೆಯಲ್ಲಿ ಏನಿದೆ ಎಂಬುದರ ಜೊತೆಗೆ, ಬೇಯಿಸಿದವರು ಯಾರು, ಜೊತೆಗೆ ಕೂತು ಉಣ್ಣುವವರು ಯಾರು ಎಂದೂ ಕೇಳಲಿ. ನಾವೂ ಕೇಳಿಕೊಳ್ಳೋಣ: ಪಕ್ಕದ ಮನೆಯವರನ್ನು ಊಟಕ್ಕೆ ಕರೆದು ಎಷ್ಟು ದಿನವಾಯಿತು?